ಬ್ಯಾಂಕಿಗೆ ಬೀಗ, ಸೂಟ್‌ಕೇಸಿಗೆ ದಾರಿ

ಚುನಾವಣೆ ಮಾಡಿ, ಮಾಡಿ ಅಂತ ಪ್ಯಾಲೆಸ್ತೀನಿಯರಿಗೆ ದುಂಬಾಲು ಬಿದ್ದವರು ಅಮೆರಿಕದವರೇ. ಮಾಡಿದ ಮೇಲೆ, ಛೆ ಛೆ, ಹೀಗಲ್ಲ ಅಂದವರೂ ಅವರೇ.

2006ರ ಜನವರಿ 25. ಪ್ಯಾಲೆಸ್ತೀನ್ ಶಾಸನಸಭೆಗೆ ಮತದಾನ. ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಖುದ್ದಾಗಿ ಬಂದು ನೋಡಿ, ಎಲ್ಲ ಸರಿಯಾಗಿಯೇ ನಡೆದಿದೆ ಎಂದರು. ಪೆಟ್ಟಿಗೆ ತೆರೆದರೆ 132 ಸೀಟುಗಳಲ್ಲಿ 74 ಹಮಾಸ್‌ಗೆ! ಇಷ್ಟು ದಿನ ಆಳಿದ ಫತಾಹ್ ಪಕ್ಷಕ್ಕೆ 45. ಓಟಿನ ಲೆಕ್ಕದಲ್ಲಿ ಅಂತರ ಶೇ 3ರ ಆಸುಪಾಸು ಮಾತ್ರ. ಆದರೆ ಫತಾಹ್‌ನವರು ಕ್ಷೇತ್ರ ಕ್ಷೇತ್ರದಲ್ಲೂ ಒಬ್ಬರ ಮೇಲೊಬ್ಬರು ನಿಂತು ಓಟು ಒಡೆದುಕೊಂಡಿದ್ದರು. ಟಿಕೆಟ್ ಸಿಗದವರ ಬಂಡಾಯ ಏನೆಲ್ಲ ಮಾಡುತ್ತದೆ ಅಂತ ಕನ್ನಡ ಓದುಗರಿಗೆ ಬಿಡಿಸಿ ಹೇಳಬೇಕಾ?

ಕಷ್ಟ ಏನಪ್ಪಾ ಅಂದ್ರೆ, ಹಮಾಸ್ ಅಮೆರಿಕದ ಉಗ್ರರ ಪಟ್ಟಿಯಲ್ಲಿ 1997ರಿಂದ ಇದೆ. ಐರೋಪ್ಯ ಒಕ್ಕೂಟದ ಪಟ್ಟಿಯಲ್ಲಿ 2003ರಿಂದ. ಸುಮ್ನೆ ಸೇರಿಸಿದ ಹೆಸರೇನಲ್ಲ. ಬಸ್ಸುಗಳಲ್ಲಿ ಬಾಂಬ್ ಸಿಡಿಸಿ ಜನರನ್ನು ಕೊಂದವರು ಇವರು. ಆದರೆ ಅದೇ ಮಂದಿ ‘ಬದಲಾವಣೆ ಮತ್ತು ಸುಧಾರಣೆ’ ಅಂತ ಬೇರೆ ಬೋರ್ಡ್ ಹಾಕಿಕೊಂಡು ಚುನಾವಣೆಗೆ ನಿಂತಾಗ ಅಮೆರಿಕ ತಡೆಯಲಿಲ್ಲ. ಗೆಲ್ಲುವುದಿಲ್ಲ ಬಿಡಿ ಅನ್ನುವ ಧೈರ್ಯ. ಫಲಿತಾಂಶ ಬಂದ ಮೇಲೆ ವಿದೇಶಾಂಗ ಸಚಿವೆ ಕಾಂಡೊಲೀಜಾ ರೈಸ್, ಇದು ಯಾರಿಗೂ ಮೊದಲೇ ಯಾಕೆ ಗೊತ್ತಾಗಲಿಲ್ಲ ಅಂತ ತಮ್ಮವರನ್ನೇ ಕೇಳಿದರಂತೆ.

ಐದೇ ದಿನದಲ್ಲಿ ಅಮೆರಿಕ, ಐರೋಪ್ಯ ಒಕ್ಕೂಟ, ರಷ್ಯಾ, ವಿಶ್ವಸಂಸ್ಥೆ ಸೇರಿ ಮೂರು ಷರತ್ತು ಬರೆದವು. ಹಿಂಸೆ ಬಿಡಿ, ಇಸ್ರೇಲನ್ನು ಒಪ್ಪಿಕೊಳ್ಳಿ, ಹಳೆಯ ಒಪ್ಪಂದಗಳಿಗೆ ಬದ್ಧರಾಗಿ. ಮೂರೂ ಒಳ್ಳೆಯ ಮಾತೇ. ಹಮಾಸ್ ಒಲ್ಲೆ ಅಂದಿತು. ಸರಿ, ದುಡ್ಡಿನ ನಲ್ಲಿ ಬಂದ್.

ಒಂದು ನಲ್ಲಿಯ ನೀರಂತೂ ಪ್ಯಾಲೆಸ್ತೀನಿಯರದ್ದೇ. ಅವರಿಗೆ ಬರುವ ಸರಕಿನ ಮೇಲಿನ ಸುಂಕವನ್ನು ಇಸ್ರೇಲ್ ವಸೂಲಿ ಮಾಡಿ ತಿಂಗಳಿಗೊಮ್ಮೆ ಕೊಡುತ್ತಿತ್ತು. ತಿಂಗಳಿಗೆ 5 ಕೋಟಿ ಡಾಲರ್‌ಗೂ ಜಾಸ್ತಿ. ಅದು ನಿಂತಿತು. ಏಪ್ರಿಲ್‌ನಲ್ಲಿ ಅಮೆರಿಕದ ಖಜಾನೆ ಇಲಾಖೆ, ಈ ಸರ್ಕಾರದ ಜೊತೆ ವ್ಯವಹಾರ ಮಾಡಬೇಡಿ ಅಂತ ಆದೇಶ ಹೊರಡಿಸಿತು. ಅಷ್ಟೇ ಸಾಕಾಯಿತು. ಅರಬ್ ದೇಶಗಳು ಕೊಟ್ಟ ಹಣವನ್ನು ಕಳಿಸಲೂ ಬ್ಯಾಂಕಿನವರು ಹೆದರಿದರು. ಹಣ ಕೈರೋದ ಖಾತೆಯಲ್ಲಿ ಕುಳಿತೇ ಇತ್ತು.

ಪೆಟ್ಟು ಬಿದ್ದಿದ್ದು ಯಾರಿಗೆ? ಒಂದೂವರೆ ಲಕ್ಷದಷ್ಟು ಸರ್ಕಾರಿ ನೌಕರರಿಗೆ. ಮೇಷ್ಟ್ರು, ನರ್ಸು, ಗುಮಾಸ್ತ, ಪೊಲೀಸ್. ಅವರಲ್ಲಿ ಬಹಳಷ್ಟು ಮಂದಿಯನ್ನು ಕೆಲಸಕ್ಕೆ ಸೇರಿಸಿದ್ದು ಹಿಂದಿನ ಫತಾಹ್ ಸರ್ಕಾರ. ಅಂದರೆ ಹಮಾಸ್‌ಗೆ ಬುದ್ಧಿ ಕಲಿಸಲು ಹೊರಟು ಫತಾಹ್‌ನವರ ಮನೆಯ ಒಲೆ ಆರಿಸಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂತಾರಲ್ಲ, ಅದನ್ನು ನಾಲ್ಕು ಮಹಾಶಕ್ತಿಗಳು ಸೇರಿ ಮಾಡಿದ್ದು ಇದೇ ಮೊದಲಿರಬೇಕು.

ಜನ ಉಪವಾಸ ಬಿದ್ದರೆ ಹೆಸರು ಕೆಡುತ್ತದೆ ಅಲ್ವಾ? ಅದಕ್ಕೆ ಯುರೋಪಿನವರು ಜೂನ್‌ನಲ್ಲಿ ‘ತಾತ್ಕಾಲಿಕ ಅಂತರರಾಷ್ಟ್ರೀಯ ವ್ಯವಸ್ಥೆ’ ಅಂತ ಒಂದನ್ನು ಕಟ್ಟಿದರು. ಆಸ್ಪತ್ರೆಯ ಡೀಸೆಲ್‌ಗೆ ದುಡ್ಡು, ಡಾಕ್ಟರ್ ಖಾತೆಗೆ ನೇರ ದುಡ್ಡು. ಆದರೆ ಅದನ್ನು ಸಂಬಳ ಅನ್ನುವಂತಿಲ್ಲ. ಭತ್ಯೆ ಅನ್ನಬೇಕು! ಸಂಬಳ ಕೊಟ್ಟರೆ ಉಗ್ರರಿಗೆ ನೆರವು, ಭತ್ಯೆ ಕೊಟ್ಟರೆ ಮಾನವೀಯತೆ. ಹೀಗೆ ಸುತ್ತಿ ಬಳಸಿ ಮೂಗು ಹಿಡಿದದ್ದರ ಫಲವಾಗಿ, ನೆರವು ನಿಲ್ಲಿಸಿದ ಆ ವರ್ಷ ಯುರೋಪ್ ಕೊಟ್ಟ ಹಣ ಹಿಂದಿನ ವರ್ಷಕ್ಕಿಂತ ಜಾಸ್ತಿಯೇ ಆಯಿತು.

ಇನ್ನು ಹಮಾಸ್‌ನವರು. ಬ್ಯಾಂಕ್ ಇಲ್ಲದಿದ್ದರೆ ಏನಂತೆ, ಕೈಕಾಲು ಇವೆಯಲ್ಲ. ಮೇ ತಿಂಗಳಲ್ಲಿ ಅವರ ವಕ್ತಾರರೊಬ್ಬರು ಈಜಿಪ್ಟ್ ಮತ್ತು ಗಾಜಾ ನಡುವಿನ ರಫಾ ಗಡಿಯಲ್ಲಿ ಸಿಕ್ಕಿಬಿದ್ದರು. ಬಟ್ಟೆಯೊಳಗೆ 6 ಲಕ್ಷಕ್ಕೂ ಹೆಚ್ಚು ಯೂರೋ. ಹೇಳದೆ ತಂದಿದ್ದಕ್ಕೆ ಜಪ್ತಿ. ಇದರಿಂದ ಪಾಠ ಕಲಿತರು. ಹೇಳಿ ತರುವುದು! ಜೂನ್‌ನಲ್ಲಿ ವಿದೇಶಾಂಗ ಸಚಿವ ಮಹಮೂದ್ ಅಲ್-ಜಹಾರ್ ಅದೇ ಗಡಿಗೆ ಬಂದಾಗ ಜೊತೆಗೆ 12 ಸೂಟ್‌ಕೇಸ್. ಒಳಗೆ 2 ಕೋಟಿ ಡಾಲರ್. ಎಲ್ಲ ನೂರರ ನೋಟು ಅಂತಿಟ್ಟುಕೊಂಡರೂ, ನೋಟೊಂದಕ್ಕೆ ಒಂದು ಗ್ರಾಂನಂತೆ ಎರಡು ಕ್ವಿಂಟಾಲ್ ತೂಕ. ರಾಗಿ ಮೂಟೆ ಇಳಿಸಿದ ಹಾಗೆ ಇಳಿಸಿರಬೇಕು. ಆ ಗಡಿಯ ಕಾವಲಿನ ಮೇಲೆ ಕಣ್ಣಿಡಲು ಇದ್ದವರು ಯಾರು ಗೊತ್ತಾ? ಐರೋಪ್ಯ ಒಕ್ಕೂಟದ ವೀಕ್ಷಕರು. ನೆರವು ನಿಲ್ಲಿಸಿದವರ ಪಹರೆಯಲ್ಲೇ ಸಂಬಳದ ದುಡ್ಡು ಒಳಗೆ ಹೋಯಿತು. ಬ್ಯಾಂಕಿನಲ್ಲಿ ಬಂದಿದ್ದರೆ ಒಂದೊಂದು ಪೈಸೆಗೂ ಕಾಗದ ಇರುತ್ತಿತ್ತು. ಆ ಕಾಗದವನ್ನು ಹರಿದುಹಾಕಿ ಅದಕ್ಕೆ ಹಣಕಾಸು ನಿರ್ಬಂಧ ಅಂತ ಹೆಸರಿಟ್ಟರು. ಡಿಸೆಂಬರ್‌ನಲ್ಲಿ ಪ್ರಧಾನಿ ಇಸ್ಮಾಯಿಲ್ ಹನಿಯೆ ಅವರೇ ಮೂರೂವರೆ ಕೋಟಿ ಡಾಲರ್ ಹೊತ್ತು ಬಂದರು. ಆ ಸಲ ಬಾಗಿಲು ತೆಗೆಯಲಿಲ್ಲ. ದುಡ್ಡು ಈಜಿಪ್ಟಿನಲ್ಲಿ ಬಿಟ್ಟು ಬರಿಗೈಲಿ ಮನೆಗೆ ಹೋದರು.

2007ರ ಜೂನ್‌ನಲ್ಲಿ ಎರಡು ಬಣಗಳೂ ಗುಂಡು ಹಾರಿಸಿಕೊಂಡು, ಗಾಜಾ ಹಮಾಸ್ ಪಾಲಾಯಿತು. ಪ್ಯಾಲೆಸ್ತೀನಿನ ಇನ್ನೊಂದು ಭಾಗವಾದ ಪಶ್ಚಿಮ ದಂಡೆಯಲ್ಲಿ ಹಮಾಸ್ ಇಲ್ಲದ ಬೇರೆ ಸರ್ಕಾರ ಬಂತು, ಅದಕ್ಕೆ ನಲ್ಲಿ ತೆರೆಯಿತು. ಆಮೇಲೆ ನಡೆದದ್ದು ನನಗಂತೂ ಈ ಕಥೆಯಲ್ಲೇ ಬಲು ಇಷ್ಟದ ಭಾಗ. ಗಾಜಾದಲ್ಲಿದ್ದ ಹಳೆಯ ನೌಕರರಿಗೆ ಪಶ್ಚಿಮ ದಂಡೆಯ ಸರ್ಕಾರ ಇದ್ದ ರಾಮಲ್ಲಾದಿಂದ ಅಪ್ಪಣೆ ಬಂತು: ಹಮಾಸ್ ಕೈಕೆಳಗೆ ಕೆಲಸ ಮಾಡಿದರೆ ಸಂಬಳ ಕಟ್. ಮನೆಯಲ್ಲೇ ಕುಳಿತರೆ ತಿಂಗಳಿಗೆ ಸರಿಯಾಗಿ ಸಂಬಳ. ಒಂದು ವರ್ಷ ಸರಿಯಾಗಿ ಸಂಬಳವಿಲ್ಲದೆ ದುಡಿದವರು, ಮುಂದೆ ಎಷ್ಟೋ ವರ್ಷ ದುಡಿಯದೆ ಸಂಬಳ ತಗೊಂಡರು. ಪೊಲೀಸರು ಚಹಾ ಕುಡಿಯುತ್ತ ಮನೆಯಲ್ಲಿ, ಖಾಲಿ ಬಿದ್ದ ಅವರ ಜಾಗದಲ್ಲಿ ಹಮಾಸ್ ನೇಮಿಸಿದ ಹೊಸ ಪೊಲೀಸರು. ಉಗ್ರರನ್ನು ದೂರ ಇಡಲು ಉಗ್ರರಿಗೇ ಕುರ್ಚಿ ಬಿಟ್ಟುಕೊಟ್ಟ ಹಾಗಾಯಿತು.

ಆ ಹೊಸಬರಿಗೆ ಸಂಬಳ ಬೇಡವೇ? 2018ರ ನವೆಂಬರ್‌ನಲ್ಲಿ ಕತಾರ್‌ನ ರಾಯಭಾರಿ ಗಾಜಾಕ್ಕೆ ಬಂದರು. ಕಾರಿನಲ್ಲಿ ಸೂಟ್‌ಕೇಸುಗಳು, ಒಳಗೆ ಒಂದೂವರೆ ಕೋಟಿ ಡಾಲರ್ ನಗದು. ಈ ಬಾರಿ ಯಾರೂ ಜಪ್ತಿ ಮಾಡಲಿಲ್ಲ. ದುಡ್ಡು ಬಂದದ್ದು ಇಸ್ರೇಲ್ ಮೂಲಕವೇ, ಇಸ್ರೇಲ್ ಸರ್ಕಾರದ ಒಪ್ಪಿಗೆ ಪಡೆದೇ! ಅದಕ್ಕೆ ಹೂಂ ಅಂದವರು ಯಾರು, ಯಾಕೆ ಅನ್ನುವ ಜಗಳ 2023ರ ಅಕ್ಟೋಬರ್ 7ರ ಹಮಾಸ್ ದಾಳಿಯ ನಂತರ ಇಸ್ರೇಲಿನಲ್ಲೇ ಜೋರಾಯಿತು. 2018ರಲ್ಲಿ ಆ ದುಡ್ಡು ಬಂದಾಗ ಮಾತ್ರ ಗಾಜಾದ ಅಂಚೆ ಕಚೇರಿಗಳ ಮುಂದೆ ಉದ್ದುದ್ದ ಸಾಲು. ಹೊರಗೆ ಬಂದವರು ನೂರರ ಹೊಸ ನೋಟನ್ನು ಕ್ಯಾಮೆರಾ ಮುಂದೆ ಎತ್ತಿ ಹಿಡಿದು ತೋರಿಸುತ್ತಿದ್ದರು.