ಬಣ್ಣ ಆಮೇಲೆ, ಮೊದಲು ಕಾಗದ

ನಿನ್ನೆ ಭಾನುವಾರ ಚಿಕ್ಕಮ್ಮನ ಮಗನ ಜೊತೆ ಒಂದು ಮನೆ ನೋಡಲು ಹೋಗಿದ್ದೆ. ಮೈಸೂರಿನಲ್ಲೇ, ಕುವೆಂಪುನಗರದ ನಮ್ಮ ಹಳೆಯ ಮನೆಗೆ ತೀರ ದೂರವೇನಲ್ಲ. ಬಾಗಿಲು ತೆರೆಯುತ್ತಿದ್ದಂತೆ ಹೊಸ ಬಣ್ಣದ ವಾಸನೆ ಮೂಗಿಗೆ ಬಡಿಯಿತು. ನಡುಮನೆಗೆ ತಿಳಿ ಹಳದಿ, ಮಲಗುವ ಕೋಣೆಗೆ ಆಕಾಶ ನೀಲಿ, ಗೇಟಿಗೂ ಹೊಸ ಕಪ್ಪು. ಮಾರಾಟಕ್ಕೆಂದೇ ಎರಡೂವರೆ ಲಕ್ಷ ಖರ್ಚು ಮಾಡಿ ಬಳಿಸಿದ್ದು ಎಂದು ಮನೆಯವರು ಹೆಮ್ಮೆಯಿಂದ ಹೇಳಿದರು. ಬಚ್ಚಲಿಗೆ ಹೊಂದಿಕೊಂಡಿದ್ದ ಗೋಡೆಯ ಮೇಲೆ ಅಂಗೈ ಇಟ್ಟೆ. ಥಣ್ಣಗಿತ್ತು. ಹೆಬ್ಬೆರಳಿನಿಂದ ಸ್ವಲ್ಪ ಒತ್ತಿದರೆ ಬಣ್ಣದ ಹಿಂದೆ ಗಾರೆ ಮೆತ್ತಗೆ ಒಳಗೆ ಹೋಯಿತು.

ಅದನ್ನು ಅಲ್ಲಿಗೇ ಬಿಟ್ಟು, ಮನೆಯ ಖಾತೆ, ಅಂದರೆ ಪಾಲಿಕೆಯ ಆಸ್ತಿ ದಾಖಲೆ, ಯಾರ ಹೆಸರಿನಲ್ಲಿದೆ ಎಂದು ಕೇಳಿದೆ. ತಂದೆಯವರ ಹೆಸರಿನಲ್ಲಿದೆ ಎಂದರು. ತಂದೆಯವರು ತೀರಿಕೊಂಡು ಹನ್ನೊಂದು ವರ್ಷವಾಗಿದೆಯಂತೆ. ಅಕ್ಕತಂಗಿಯರಿದ್ದಾರೆಯೇ ಎಂದೆ. ಇಬ್ಬರಿದ್ದಾರೆ, ಒಬ್ಬರು ಮುಂಬೈನಲ್ಲಿ, ಅವರೊಂದಿಗೆ ಮಾತುಕತೆ ಇಲ್ಲ. "ಅದೆಲ್ಲ ಆಮೇಲೆ ಸರಿಹೋಗುತ್ತದೆ ಮೇಡಂ, ಮೊದಲು ಬೆಲೆ ಮಾತನಾಡೋಣ" ಎಂದರು. ಚಿಕ್ಕಮ್ಮನ ಮಗ ಮುಂಗಡದ ಚೆಕ್ ಪುಸ್ತಕವನ್ನು ಜೇಬಿನಲ್ಲಿ ಇಟ್ಟುಕೊಂಡೇ ಬಂದಿದ್ದ. ಅವನ ಕೈ ಹಿಡಿದುಕೊಂಡು ಹೊರಗೆ ಬಂದೆ. ರಾತ್ರಿಯೆಲ್ಲ ಕೋಪ ಇಳಿಯಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಎರಡೂವರೆ ಲಕ್ಷ ರೂಪಾಯಿ ಗೋಡೆಗೆ ಬಳಿಯುವುದಕ್ಕೆ ಸಿದ್ಧರಿದ್ದವರಿಗೆ ತಂಗಿಗೆ ಒಂದು ಫೋನ್ ಮಾಡುವುದಕ್ಕೆ ಹನ್ನೊಂದು ವರ್ಷಗಳಲ್ಲಿ ಒಂದು ದಿನ ಸಿಗಲಿಲ್ಲವೇ? ನನಗೆ ಅರ್ಥವಾಗದಿರುವುದು ಇದೇ. ಹೀಗೆ ಮಾಡುವವರು ಇವರೊಬ್ಬರೇ ಅಲ್ಲ. ಮನೆ ಮಾರಬೇಕು ಎಂದುಕೊಂಡ ತಕ್ಷಣ ನಾವೆಲ್ಲ ಮೊದಲು ಕರೆಯುವುದು ಪೇಂಟರನ್ನು. ವಕೀಲರನ್ನು ಕರೆಯುವುದು ಕೊಳ್ಳುವವರು ಸಿಕ್ಕ ಮೇಲೆ. ಅಷ್ಟು ಹೊತ್ತಿಗೆ ಮುಂಗಡ ಪಡೆದಾಗಿರುತ್ತದೆ, ಕರಾರುಪತ್ರಕ್ಕೆ ಮೂರು ತಿಂಗಳ ಗಡುವು ಬಿದ್ದಿರುತ್ತದೆ, ಮುಂಗಡದ ಹಣ ಅರ್ಧ ಖರ್ಚಾಗಿರುತ್ತದೆ. ಆಗ ವಂಶವೃಕ್ಷಕ್ಕೆ, ಅಂದರೆ ವಾರಸುದಾರರು ಯಾರೆಂದು ತೋರಿಸುವ ಪತ್ರಕ್ಕೆ, ನಾಡಕಚೇರಿಗೆ ಓಡುವುದು.

ನಮ್ಮ ಮನೆಯ ಕಥೆ ನಿಮ್ಮಲ್ಲಿ ಹಲವರಿಗೆ ಗೊತ್ತು. ನಗರದಲ್ಲಿ ನಿವೇಶನ ಹಂಚುತ್ತಿದ್ದ ಸಿಐಟಿಬಿ ಇದ್ದ ಕಾಲದಲ್ಲಿ, ಅಂದರೆ 1988ರಲ್ಲಿ ಅದು ಮುಡಾ (ಮೈಸೂರು ನಗರಾಭಿವೃದ್ಧಿ ಪ್ರಾಧಿಕಾರ) ಆಗುವುದಕ್ಕೂ ಮೊದಲು, ಅಪ್ಪನಿಗೆ ಮಂಜೂರಾಗಿದ್ದ ಮೂವತ್ತು-ನಲವತ್ತರ ನಿವೇಶನ ಅದು. 2019ರಲ್ಲಿ ಅಪ್ಪ ಹೋದರು. ಉಯಿಲು ಬರೆದಿರಲಿಲ್ಲ. ಅಮ್ಮ ನನ್ನ ಜೊತೆ ಇರಲು ಬಂದ ಮೇಲೆ, 2023ರ ಬೇಸಿಗೆಯಲ್ಲಿ, ಮಾರೋಣ ಎಂದು ಅಮ್ಮ, ನಾನು, ತಂಗಿ, ತಮ್ಮ ನಾಲ್ವರೂ ಕುಳಿತು ತೀರ್ಮಾನಿಸಿದೆವು. ನೋಂದಣಿ ಆಗಿದ್ದು 2025ರ ಜನವರಿಯಲ್ಲಿ. ಅಷ್ಟು ದಿನ ಏಕೆ ಬೇಕಾಯಿತು ಎಂದು ಆಗ ಬಹಳ ಜನ ಕೇಳಿದ್ದರು. ಕಾಗದಗಳಿಗೆ ಬೇಕಾಯಿತು. ಬಣ್ಣಕ್ಕಲ್ಲ.

ನಾವು ಮೊದಲು ತೆಗೆಸಿದ್ದು ಋಣಭಾರ ಪತ್ರ, ಎಲ್ಲರೂ ಇಸಿ ಎನ್ನುವುದು. ಸ್ವತ್ತಿನ ಮೇಲೆ ನೋಂದಣಿಯಾದ ಸಾಲ, ಮಾರಾಟಗಳೆಲ್ಲ ಅದರಲ್ಲಿರುತ್ತವೆ. 2004ರ ಏಪ್ರಿಲ್ ನಂತರದ್ದು ಕಂಪ್ಯೂಟರಿನಲ್ಲಿ ಸಿಕ್ಕಿತು, ಅದಕ್ಕೆ ಹಿಂದಿನದಕ್ಕೆ ಉಪನೋಂದಣಾಧಿಕಾರಿಗಳ ಕಚೇರಿಯಲ್ಲೇ ಅರ್ಜಿ ಹಾಕಬೇಕಾಯಿತು. ಆ ಹಳೆಯ ಹಾಳೆ ಕೈಗೆ ಬಂದಾಗ ಎದೆ ಧಸಕ್ಕೆಂದಿತು. ಮನೆ ಕಟ್ಟಲು ಅಪ್ಪ ಒಂದು ಸಹಕಾರ ಸಂಘದಿಂದ ಸಾಲ ಪಡೆದು, ನೋಂದಾಯಿತ ಅಡಮಾನ ಪತ್ರ ಬರೆದುಕೊಟ್ಟಿದ್ದರು. ಸಾಲವನ್ನು ಕೊನೆಯ ಪೈಸೆಯವರೆಗೂ ತೀರಿಸಿದ್ದರು, ರಸೀದಿಗಳನ್ನು ದಾರ ಕಟ್ಟಿ ಇಟ್ಟಿದ್ದರು. ಆದರೆ ಸಾಲ ತೀರಿತೆಂದು ಋಣಮುಕ್ತಿ ಪತ್ರವನ್ನು ನೋಂದಣಿ ಮಾಡಿಸಿರಲೇ ಇಲ್ಲ. ಸರ್ಕಾರದ ದಾಖಲೆಯ ಪ್ರಕಾರ ಅಪ್ಪನ ಮನೆ ಅಪ್ಪ ಸತ್ತ ಮೇಲೂ ಅಡವಿನಲ್ಲೇ ಇತ್ತು. ಅದನ್ನು ಬಿಡಿಸಿಕೊಳ್ಳುವುದಕ್ಕೆ ನಾಲ್ಕು ತಿಂಗಳು ಹಿಡಿಯಿತು. ಮುಂಗಡ ಪಡೆದ ಮೇಲೆ ಇದು ಗೊತ್ತಾಗಿದ್ದರೆ ನಮ್ಮ ಗತಿ ಏನಾಗುತ್ತಿತ್ತು, ನೀವೇ ಯೋಚಿಸಿ. ಕೊಳ್ಳುವವರಿಗೆ ಸಾಲ ಕೊಡುವ ಬ್ಯಾಂಕಿನ ವಕೀಲರು ನಿಮ್ಮ ಗೋಡೆಯ ಬಣ್ಣ ನೋಡಲು ಬರುವುದೇ ಇಲ್ಲ. ಅವರು ಮೂವತ್ತು ವರ್ಷಗಳ ಇಸಿ, ತಾಯಿ ಪತ್ರ (ಸ್ವತ್ತಿನ ಹಳೆಯ ಮೂಲ ಪತ್ರ), ಖಾತೆ, ಕಂದಾಯದ ರಸೀದಿ, ಮಂಜೂರಾದ ನಕ್ಷೆ ಇವನ್ನು ಮುಂದಿಟ್ಟುಕೊಂಡು ಕುಳಿತಿರುತ್ತಾರೆ.

ನಂತರ ಖಾತೆ. ಅಪ್ಪನ ಸ್ವಯಾರ್ಜಿತ ಆಸ್ತಿ, ಉಯಿಲಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಅಮ್ಮ, ನಾನು, ತಂಗಿ, ತಮ್ಮ, ನಾಲ್ವರಿಗೂ ಸಮಪಾಲು. ಇದರಲ್ಲಿ ಗೊಂದಲವೇ ಇಲ್ಲ. ಆದರೂ ನಮ್ಮ ಕಡೆಯ ಹಿರಿಯರೊಬ್ಬರು ಮನೆಗೆ ಬಂದು, ಹೆಣ್ಣುಮಕ್ಕಳ ಸಹಿ ಏಕೆ, ಮಗನೊಬ್ಬನ ಹೆಸರಿಗೆ ಖಾತೆ ಮಾಡಿಸಿಬಿಡಿ, ಬೇಗ ಆಗುತ್ತದೆ ಎಂದು ಅಮ್ಮನಿಗೆ ಬುದ್ಧಿ ಹೇಳಿ ಹೋದರು. ನನ್ನ ತಮ್ಮ ಅವರನ್ನು ಗೇಟಿನವರೆಗೆ ಬಿಟ್ಟು ಬಂದು, "ಅಕ್ಕಾ, ನಾಳೆ ನಾಡಕಚೇರಿಗೆ ಒಟ್ಟಿಗೆ ಹೋಗೋಣ" ಎಂದಷ್ಟೇ ಹೇಳಿದ. ಆ ಮಾತಿಗೆ ನಾನು ಅವನಿಗೆ ಇವತ್ತಿಗೂ ಋಣಿ. ಮರಣ ಪ್ರಮಾಣಪತ್ರ, ವಂಶವೃಕ್ಷ, ಆಮೇಲೆ ಪಾಲಿಕೆಯಲ್ಲಿ ನಾಲ್ವರ ಹೆಸರಿಗೆ ಖಾತೆ. ಆಧಾರ್‌ನಲ್ಲಿ ಅಮ್ಮನ ಹೆಸರಿನ ಒಂದು ಅಕ್ಷರ ಬಿಟ್ಟುಹೋಗಿತ್ತು, ಅದನ್ನು ಸರಿಪಡಿಸುವುದಕ್ಕೇ ಮೂರು ಸಲ ಅಲೆದೆವು. ಈಗಂತೂ ನಗರಗಳಲ್ಲಿ ಇ-ಖಾತೆ, ಅಂದರೆ ಕಂಪ್ಯೂಟರಿನಲ್ಲಿ ದಾಖಲಾದ ಖಾತೆ, ಇಲ್ಲದೆ ಕ್ರಯಪತ್ರ ನೋಂದಣಿಯೇ ಆಗುವುದಿಲ್ಲ. ಹನ್ನೊಂದು ವರ್ಷದ ಹಿಂದೆ ತೀರಿಕೊಂಡವರ ಹೆಸರಿನ ಖಾತೆ ಇಟ್ಟುಕೊಂಡು ಆ ಮನೆಯವರು ಯಾರಿಗೆ ಏನನ್ನು ಮಾರಲು ಹೊರಟಿದ್ದಾರೆ?

ತಂಗಿ ಜರ್ಮನಿಯಲ್ಲಿದ್ದಾಳೆ. ಅವಳು ಮ್ಯೂನಿಕ್‌ನ ಭಾರತೀಯ ಕಾನ್ಸುಲೇಟಿನಲ್ಲಿ ತಮ್ಮನ ಹೆಸರಿಗೆ ಅಧಿಕಾರಪತ್ರ (ಪವರ್ ಆಫ್ ಅಟಾರ್ನಿ) ಮಾಡಿಸಿ ಕಳುಹಿಸಿದಳು. ಅಂಥ ಪತ್ರ ಭಾರತಕ್ಕೆ ಬಂದ ಮೂರು ತಿಂಗಳೊಳಗೆ ಇಲ್ಲಿ ಮುದ್ರಾಂಕ ಶುಲ್ಕ ಕಟ್ಟಬೇಕು. ತಡಮಾಡಿದರೆ ತೊಂದರೆ. ಇನ್ನೊಂದು ವಿಷಯವಂತೂ ಬಹುಪಾಲು ಜನರಿಗೆ ಗೊತ್ತೇ ಇರುವುದಿಲ್ಲ. ಮನೆಯ ಬೆಲೆ 50 ಲಕ್ಷ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಕೊಳ್ಳುವವರು ಒಂದು ಪ್ರತಿಶತ ತೆರಿಗೆಯನ್ನು ಹಿಡಿದುಕೊಂಡು ಸರ್ಕಾರಕ್ಕೆ ಕಟ್ಟುತ್ತಾರೆ. ಆದರೆ ಮಾರುವವರು ಅನಿವಾಸಿಯಾಗಿದ್ದರೆ ಅವರ ಪಾಲಿಗೆ ಆ ಒಂದು ಪ್ರತಿಶತ ನಡೆಯುವುದಿಲ್ಲ. ದರ ಬಹಳ ಹೆಚ್ಚು, ವಿಧಾನವೂ ಬೇರೆ. ನಮ್ಮ ಮನೆ ಕೊಂಡವರು ತಂಗಿಯ ಪಾಲಿಗಾಗಿಯೇ, ತೆರಿಗೆ ಹಿಡಿದು ಕಟ್ಟುವವರಿಗೆ ಬೇಕಾದ ಟ್ಯಾನ್ ಸಂಖ್ಯೆ ಪಡೆಯಬೇಕಾಯಿತು. ಅದನ್ನು ನಾವು ಮೊದಲ ಭೇಟಿಯಲ್ಲೇ ಹೇಳಿದ್ದರಿಂದ ಅವರು ತಮ್ಮ ಲೆಕ್ಕಪರಿಶೋಧಕರನ್ನು ಕೇಳಿಕೊಂಡು ನಿಧಾನವಾಗಿ ಮಾಡಿದರು. ನೋಂದಣಿಯ ಹಿಂದಿನ ದಿನ ಹೇಳಿದ್ದರೆ ಎದ್ದು ಹೋಗುತ್ತಿದ್ದರು. ಹೋದರೆ ಅದು ಅವರ ತಪ್ಪೂ ಆಗುತ್ತಿರಲಿಲ್ಲ.

ಇಷ್ಟೆಲ್ಲ ಬರೆದ ಮೇಲೆ ಒಂದು ವಿಷಯ ಹೇಳದಿದ್ದರೆ ನಾನು ಸುಳ್ಳುಗಾರ್ತಿಯಾಗುತ್ತೇನೆ. ನಮ್ಮ ಮನೆಯ ಗೋಡೆಯೂ ಜಿನುಗುತ್ತಿತ್ತು. ಮಹಡಿಯ ಕೋಣೆಯ ತಾರಸಿಯಲ್ಲಿ ಬಿರುಕು ಬಿಟ್ಟು, ಮಳೆಗಾಲದಲ್ಲಿ ಪಶ್ಚಿಮದ ಗೋಡೆ ಉಬ್ಬಿ ಹಕ್ಕಳೆ ಏಳುತ್ತಿತ್ತು. ಮೊದಲ ಸಲ ಮನೆ ನೋಡಲು ಗಂಡ ಹೆಂಡತಿ ಇಬ್ಬರು ಬಂದಾಗ ನಾನು ಅಲ್ಲಿಗೆ ಅಪ್ಪನ ಬೀರುವನ್ನು ಸರಿಸಿ ನಿಲ್ಲಿಸಿದ್ದೆ. ಆ ಹೆಂಗಸು ನೇರವಾಗಿ ಕೇಳಿದರು, "ಇಲ್ಲಿ ನೀರು ಇಳಿಯುತ್ತದೆಯೇ?" ನಾನು ಇಲ್ಲ ಎಂದೆ. ಮೂವತ್ತೊಂದು ವರ್ಷ ಮಕ್ಕಳಿಗೆ ಪಾಠ ಹೇಳಿದ ಬಾಯಿಯಲ್ಲೇ ಇಲ್ಲ ಎಂದೆ. ಅಮ್ಮ ಅಲ್ಲೇ ಕುರ್ಚಿಯಲ್ಲಿ ಕುಳಿತಿದ್ದರು. ಏನೂ ಮಾತನಾಡಲಿಲ್ಲ. ರಾತ್ರಿ ಊಟಕ್ಕೆ ಕರೆದರೆ ಹಸಿವಿಲ್ಲ ಎಂದರು. ಮರುದಿನ ಬೆಳಿಗ್ಗೆ ಆ ಹೆಂಗಸಿಗೆ ಫೋನ್ ಮಾಡಿ ನಿಜ ಹೇಳಿದೆ. ಅವರು ಧನ್ಯವಾದ ಹೇಳಿದರು, ಮತ್ತೆ ಬರಲಿಲ್ಲ. ಬರಲಿಲ್ಲವೆಂದು ನನಗೆ ಇವತ್ತಿಗೂ ಬೇಸರವಿಲ್ಲ. ಬೀರು ಸರಿಸಿದ್ದಕ್ಕೆ ಇದೆ.

ಅದಾದ ಮೇಲೆ ತಾರಸಿಯ ಬಿರುಕು ಕೊರೆಸಿ ತುಂಬಿಸಿ, ನೀರು ತಡೆಯುವ ಲೇಪನ ಮಾಡಿಸಿದೆವು. 38,000 ರೂಪಾಯಿ ಆಯಿತು. ಒಂದು ಮಳೆಗಾಲ ಕಳೆಯುವವರೆಗೆ ಯಾರಿಗೂ ಮನೆ ತೋರಿಸಲಿಲ್ಲ. ಗೋಡೆ ಒಣಗಿತೆಂದು ಖಾತ್ರಿಯಾದ ಮೇಲೆ ಆ ಒಂದು ಗೋಡೆಗೆ ಮಾತ್ರ ಬಣ್ಣ ಹೊಡೆಸಿದೆವು. ಮುಂದೆ ಬಂದವರಿಗೆಲ್ಲ ಬಿಲ್ಲನ್ನೂ ದುರಸ್ತಿಗೆ ಮೊದಲು ತೆಗೆದ ಫೋಟೊವನ್ನೂ ತೋರಿಸಿದೆವು. ಇದು ನಮ್ಮ ದೊಡ್ಡ ಗುಣವೇನೂ ಅಲ್ಲ, ಕಾನೂನು. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 55ನೇ ಕಲಮು ಓದಿ. ಕೊಳ್ಳುವವರು ಸಾಮಾನ್ಯ ಎಚ್ಚರದಿಂದ ನೋಡಿದರೂ ಕಾಣದಂಥ, ಮಾರುವವರಿಗೆ ಮಾತ್ರ ಗೊತ್ತಿರುವ ಮುಖ್ಯ ದೋಷವನ್ನು ಹೇಳಲೇಬೇಕು ಎನ್ನುತ್ತದೆ. ಸ್ವತ್ತಿನ ದೋಷವೂ ಸರಿ, ಹಕ್ಕಿನ ದೋಷವೂ ಸರಿ. ಜಿನುಗುವ ಗೋಡೆಯೂ ಅದರಲ್ಲಿ ಬಂತು, ಮುಂಬೈನ ತಂಗಿಯೂ ಬಂದರು.

ದಲ್ಲಾಳಿಗಳು ಹೇಳುವ ಮಾತು ನನಗೆ ಗೊತ್ತಿದೆ. ನಮಗೂ ಒಬ್ಬರು ಹೇಳಿದ್ದರು. ಜನ ಕಣ್ಣಿನಿಂದ ಕೊಳ್ಳುತ್ತಾರೆ ಮೇಡಂ, ಮಾಸಿದ ಮನೆ ನೋಡಿದರೆ ಬೆಲೆ ಇಳಿಸುತ್ತಾರೆ ಎಂದು. ಅದರಲ್ಲಿ ಸ್ವಲ್ಪ ನಿಜವಿದೆ, ಒಪ್ಪುತ್ತೇನೆ. ಮನೆ ಚೊಕ್ಕಟವಾಗಿರಲಿ. ನಾವೂ ಅಟ್ಟ ಖಾಲಿ ಮಾಡಿದೆವು, ಸಂಪು ತೊಳೆಸಿದೆವು, ತೊಟ್ಟಿಕ್ಕುತ್ತಿದ್ದ ನಲ್ಲಿಗಳನ್ನು ಬದಲಿಸಿದೆವು, ಕಿಟಕಿಗಳ ಮುಂದಿನ ದಾಸವಾಳ ಸವರಿ ಬೆಳಕು ಬರುವಂತೆ ಮಾಡಿದೆವು. ಅದಕ್ಕೆಲ್ಲ ಎರಡು ವಾರ ಸಾಕಾಯಿತು. ಆದರೆ ಕಣ್ಣಿನಿಂದ ಕೊಳ್ಳುವವರು ಸಹ ಹಣ ಕೊಡುವುದು ಕಾಗದ ನೋಡಿಯೇ. ಬಣ್ಣ ನೋಡಿ ಮೆಚ್ಚಿದವರು ವಕೀಲರ ಅಭಿಪ್ರಾಯ ಬಂದ ದಿನ ಫೋನ್ ಎತ್ತುವುದನ್ನೇ ನಿಲ್ಲಿಸುತ್ತಾರೆ. ಇನ್ನು ಹಣದ ಲೆಕ್ಕಕ್ಕೇ ಬನ್ನಿ. 2007ರಲ್ಲಿ ಅಪ್ಪ ಮಹಡಿಯ ಕೋಣೆ ಕಟ್ಟಿಸಿದಾಗಿನ ಸಿಮೆಂಟು, ಕಬ್ಬಿಣ, ಗಾರೆ ಕೆಲಸದ ಬಿಲ್ಲುಗಳೆಲ್ಲ ಒಂದು ಬಿಸ್ಕೆಟ್ ಡಬ್ಬದಲ್ಲಿದ್ದವು. ಬಂಡವಾಳ ಲಾಭದ ತೆರಿಗೆ, ಅಂದರೆ ಆಸ್ತಿ ಮಾರಿದ ಲಾಭದ ಮೇಲಿನ ತೆರಿಗೆ, ಲೆಕ್ಕ ಹಾಕುವಾಗ ಆ ಖರ್ಚನ್ನು ಕಳೆಯಲು ಅವಕಾಶ ಸಿಕ್ಕಿತು. ಮಾರುವ ಮುನ್ನ ಬಳಿಸುವ ಬಣ್ಣ ಸಾಮಾನ್ಯವಾಗಿ ಆ ಲೆಕ್ಕಕ್ಕೆ ಬರುವುದಿಲ್ಲ ಎಂದು ಲೆಕ್ಕಪರಿಶೋಧಕರು ಹೇಳಿದರು. ತುಕ್ಕು ಹಿಡಿದ ಆ ಡಬ್ಬ ನಮಗೆ ಉಳಿಸಿಕೊಟ್ಟಷ್ಟನ್ನು ಯಾವ ಬಣ್ಣವೂ ತಂದುಕೊಡುತ್ತಿರಲಿಲ್ಲ.

ಅರ್ಧ ನಗದು ಕೊಡುತ್ತೇವೆ ಎಂದು ಬಂದವರೂ ಇದ್ದರು. ನಮ್ಮ ಬೆಲೆಗಿಂತ ನಾಲ್ಕು ಲಕ್ಷ ಹೆಚ್ಚೇ ಹೇಳಿದರು. ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವಂತಿಲ್ಲ, ಪಡೆದರೆ ಪಡೆದಷ್ಟೇ ದಂಡ, ಆ ದಂಡ ಬೀಳುವುದು ಪಡೆದವರ ಮೇಲೆ. ಎಪ್ಪತ್ತೆಂಟು ವರ್ಷದ ಅಮ್ಮನ ಹೆಸರಿಗೆ ಅಂಥ ಒಂದು ನೋಟಿಸು ಬರಲಿ ಎಂದು ನಾನು ಬಯಸಲೇ? ಬೇಡ ಎಂದೆವು. ಎರಡು ತಿಂಗಳ ನಂತರ ಬಂದ ಶಾಲಾ ಶಿಕ್ಷಕ ದಂಪತಿಗೆ ಕಡತ ತೋರಿಸಿದೆವು. ಇಸಿ, ಋಣಮುಕ್ತಿ ಪತ್ರ, ನಾಲ್ವರ ಖಾತೆ, ತಂಗಿಯ ಅಧಿಕಾರಪತ್ರ, ತಾರಸಿಯ ಬಿಲ್ಲು ಎಲ್ಲವೂ ಅದರಲ್ಲಿತ್ತು. ಅವರ ಬ್ಯಾಂಕಿನ ವಕೀಲರು ಒಂದು ಪ್ರಶ್ನೆಯನ್ನೂ ಹಿಂದಕ್ಕೆ ಕಳುಹಿಸಲಿಲ್ಲ. ನಡುಮನೆಯ ಗೋಡೆಯಲ್ಲಿ ತಮ್ಮನ ಮಕ್ಕಳು ಎತ್ತರ ಅಳೆದುಕೊಂಡ ಪೆನ್ಸಿಲ್ ಗೆರೆಗಳು ಹಾಗೆಯೇ ಇದ್ದವು. ಅದನ್ನು ಅಳಿಸಿ ಕೊಡಬೇಕೇ ಎಂದು ಕೇಳಿದ್ದಕ್ಕೆ, ನಾವೇ ನಮಗೆ ಬೇಕಾದ ಬಣ್ಣ ಹೊಡೆಸಿಕೊಳ್ಳುತ್ತೇವೆ, ನೀವು ಕೈಹಾಕಬೇಡಿ ಎಂದರು.

ಎರಡೂವರೆ ಲಕ್ಷ! ಮತ್ತೆ ಮತ್ತೆ ಅದೇ ನೆನಪಾಗುತ್ತಿದೆ. ಆ ಗೋಡೆಯೊಳಗೆ ನೀರು ಇಳಿಯುತ್ತಲೇ ಇದೆ, ಬರುವ ಆಷಾಢದ ಹೊತ್ತಿಗೆ ಆಕಾಶ ನೀಲಿಯೆಲ್ಲ ಸಿಪ್ಪೆ ಸುಲಿದು ಬೀಳುತ್ತದೆ. ಅದನ್ನು ಇನ್ಯಾರೋ ಸಾಲ ಮಾಡಿ ಕೊಂಡಿರುತ್ತಾರೆ. ಅವರ ಮೇಲೆ ಮುಂಬೈನಿಂದ ಒಂದು ದಾವೆಯೂ ಬರಬಹುದು. ಆ ಮನೆಯವರು ಕೆಟ್ಟವರೇನೂ ಅಲ್ಲ. ಮಗಳ ಮದುವೆಗೆ ಹಣ ಬೇಕಾಗಿದೆ ಎಂದು ಹೇಳುವಾಗ ಅವರ ಧ್ವನಿ ನಡುಗುತ್ತಿತ್ತು. ಅದೇ ನನಗೆ ಹೆಚ್ಚು ನೋವು.

ಇವತ್ತು ಬೆಳಿಗ್ಗೆ ನಮ್ಮ ಕಡತದಲ್ಲಿದ್ದ ದಾಖಲೆಗಳ ಪಟ್ಟಿಯನ್ನು ಕೈಯಲ್ಲಿ ಬರೆದು, ಫೋಟೊ ತೆಗೆದು ಅವರ ಮೊಬೈಲಿಗೆ ಕಳುಹಿಸಿದೆ. ಪಟ್ಟಿಯ ಮೊದಲ ಸಾಲಿನಲ್ಲಿ ಮುಂಬೈಗೆ ಫೋನ್ ಮಾಡಿ ಎಂದು ಬರೆದಿದ್ದೇನೆ. ನೋಡಿದ್ದಾರೆ ಎಂದು ತೋರಿಸುತ್ತಿದೆ, ಉತ್ತರ ಬಂದಿಲ್ಲ. ಸಂಜೆ ನಾನೇ ಒಮ್ಮೆ ಕರೆ ಮಾಡುತ್ತೇನೆ.