ಸ್ಪಷ್ಟನೆ: ಅಜ್ಜಿ ಮಂಕಾಗಿರುವುದು ‘ವಯಸ್ಸಿಗೆ ಸಹಜ’ ಅಲ್ಲ

‘ವಯಸ್ಸಾದ ಮೇಲೆ ಮಂಕಾಗೋದು ಸಹಜ, ಕಿವಿಗೆ ಮಷಿನ್ ಹಾಕಿದರೆ ಉಳಿದದ್ದೂ ಹೋಗುತ್ತೆ, ಕಣ್ಣಿನ ಪೊರೆ ಪೂರ್ತಿ ಬಲಿಯೋವರೆಗೆ ಕಾಯಬೇಕು’ ಎಂಬ ವಾಟ್ಸ್‌ಆ್ಯಪ್ ಸಂದೇಶ ಓಡಾಡುತ್ತಿದೆ. ಮೂರೂ ತಪ್ಪು.

ನಮ್ಮಜ್ಜಿ ಮಾತು ಕೇಳಿಸದಿದ್ದರೂ ಎಲ್ಲರೂ ನಕ್ಕಾಗ ತಾವೂ ನಗುತ್ತಿದ್ದರು. ಅವರೆಕಾಳಿನಲ್ಲಿದ್ದ ಹುಳ ಅವರ ಕಣ್ಣಿಗೆ ಕಾಣದ ದಿನ ಮೊರವನ್ನು ಅಮ್ಮನತ್ತ ಸರಿಸಿ ಎದ್ದುಹೋದರು. ಆಮೇಲೆ ಊಟವೂ ಕಡಿಮೆಯಾಯಿತು. ನಾವದನ್ನು ವಯಸ್ಸು ಅಂದುಕೊಂಡೆವು, ಅದೇ ನನಗೆ ಈಗಲೂ ಸಂಕಟ.

ಕಣ್ಣು, ಕಿವಿ ಸೋತವರಲ್ಲಿ ಖಿನ್ನತೆ ಹೆಚ್ಚು. ಅದು ಕಾಯಿಲೆ, ಚಿಕಿತ್ಸೆಯಿದೆ. ಪರೀಕ್ಷಿಸಿ ಸರಿಯಾಗಿ ಹೊಂದಿಸಿದ ಶ್ರವಣ ಸಾಧನದಿಂದ ಕಿವಿ ಕೆಡುವುದಿಲ್ಲ. ಪೊರೆಯಿಂದ ದಿನದ ಕೆಲಸಕ್ಕೆ ತೊಡಕಾದರೆ ಶಸ್ತ್ರಚಿಕಿತ್ಸೆ ಮಾಡಿಸಬಹುದು. ಕೇಳ್ವಿಕೆಯ ಪರೀಕ್ಷೆಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಮನಸ್ಸಿನ ನೋವಿಗೆ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿಯಿದೆ, ಸಂಖ್ಯೆ 14416, ಕನ್ನಡದಲ್ಲೇ ಮಾತಾಡಬಹುದು.