ಮರ್ಯಾದಸ್ಥರ ರೋಗ ಲೆಕ್ಕಕ್ಕಿಲ್ಲ

ನಮ್ಮ ದೇಶದಲ್ಲಿ ಲೈಂಗಿಕ ರೋಗಗಳು ಏರುತ್ತಿವೆಯೋ ಇಳಿಯುತ್ತಿವೆಯೋ ಎಂದು ಕೇಳುವವರಿಗೆ ಮೊದಲು ಬುದ್ಧಿ ಹೇಳಬೇಕು. ಅವೆಲ್ಲ ಪರದೇಶದ ಸರಕು. 1986ರಲ್ಲಿ ಮದ್ರಾಸಿನ ಲೈಂಗಿಕ ಕಾರ್ಯಕರ್ತೆಯರ ರಕ್ತದಲ್ಲಿ ಎಚ್‌ಐವಿ ಪತ್ತೆಯಾದಾಗಲೂ ನಾವು ಧೃತಿಗೆಡಲಿಲ್ಲ. ಮುಂದೆ ಒಂದೆರಡು ವರ್ಷಗಳಲ್ಲೇ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮುಖ್ಯಸ್ಥರೇ ವಿದೇಶಿಯರೊಡನೆ ಭಾರತೀಯರ ದೇಹಸಂಪರ್ಕವನ್ನು ಕಾನೂನು ತಂದು ನಿಷೇಧಿಸಬೇಕೆಂದರು. ಇನ್‌ಸ್ಪೆಕ್ಟರನ್ನು ಮಂಚದ ಯಾವ ಬದಿಗೆ ನಿಲ್ಲಿಸುವುದೆಂದು ಯಾರೂ ಕೇಳಿದಂತಿಲ್ಲ.

2007ರಲ್ಲಿ ಶಾಲೆಗಳಲ್ಲಿ ಲೈಂಗಿಕ ಶಿಕ್ಷಣ ಬೇಡವೆಂದ ರಾಜ್ಯಗಳ ಸಾಲಿನಲ್ಲಿ ಕರ್ನಾಟಕವೂ ನಿಂತಿತು. ಮಕ್ಕಳಿಗೆ ದಾಸವಾಳದ ಪರಾಗಸ್ಪರ್ಶವೇ ಸಾಕು. 2017ರ ಡಿಸೆಂಬರಿನಲ್ಲಿ ಕೇಂದ್ರ ವಾರ್ತಾ ಮತ್ತು ಪ್ರಸಾರ ಸಚಿವಾಲಯ, ಟಿ.ವಿ.ಯಲ್ಲಿ ಕಾಂಡೋಮ್ ಜಾಹೀರಾತು ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಮಾತ್ರ ಬರಲಿ ಎಂದಿತು. ಬಸ್ ನಿಲ್ದಾಣದ ಶೌಚಾಲಯದ ಗೋಡೆಗೆ ಮಾತ್ರ ಇಂಥ ವೇಳಾಪಟ್ಟಿಯಿಲ್ಲ. ಅಲ್ಲಿ ಗುಪ್ತರೋಗ ತಜ್ಞರು ಹಾಡುಹಗಲೇ ಮೊಬೈಲ್ ನಂಬರು ಸಮೇತ ಗ್ಯಾರಂಟಿ ಕೊಡುತ್ತಾರೆ.

ಸರ್ಕಾರಿ ಆಸ್ಪತ್ರೆಗಳಲ್ಲಿ ಲೈಂಗಿಕ ರೋಗಗಳಿಗೆಂದೇ ‘ಸುರಕ್ಷಾ ಕ್ಲಿನಿಕ್’ ಇದೆ. ಲಕ್ಷಣ ನೋಡಿ ಬೂದು, ಹಸಿರು, ಬಿಳಿ, ನೀಲಿ, ಕೆಂಪು, ಹಳದಿ, ಕಪ್ಪು ಪೊಟ್ಟಣಗಳಲ್ಲಿ ಔಷಧ ಕೊಡುತ್ತಾರೆ, ಅದೂ ಪುಕ್ಕಟೆ. ಆದರೆ ಮರ್ಯಾದಸ್ಥರು ಅಲ್ಲಿಗೆ ಹೋಗುವುದುಂಟೇ? ಅವರು ಮೆಡಿಕಲ್ ಶಾಪಿನ ಮುಂದೆ ನಿಂತು, ಇರುವ ಗಿರಾಕಿಗಳೆಲ್ಲ ಹೋಗಲೆಂದು ಟೂತ್‌ಪೇಸ್ಟಿನ ಬೆಲೆ ಓದುತ್ತಾರೆ. ಪಕ್ಕದ ಮನೆಯವರು ಬಂದರೆ ಆ ಟೂತ್‌ಪೇಸ್ಟನ್ನೇ ಕೊಂಡು ಹೊರಡುತ್ತಾರೆ. ಹೀಗೆ ಮೂರು ಟ್ಯೂಬು ಜಮೆಯಾದ ಮೇಲೆ ಒಂದು ದಿನ ಧೈರ್ಯ ಬಂದು, “ಸ್ನೇಹಿತನಿಗೆ” ಎಂದು ಮಾತ್ರೆ ಕೊಳ್ಳುತ್ತಾರೆ. ಉರಿ ಕಡಿಮೆಯಾದ ದಿನವೇ ಮಾತ್ರೆ ನಿಲ್ಲುತ್ತದೆ. ಅರ್ಧಂಬರ್ಧ ಔಷಧ ಕುಡಿದ ಗೊನೋರಿಯಾ ಎಂಬ ಲೈಂಗಿಕ ರೋಗದ ರೋಗಾಣು ಅಷ್ಟರಲ್ಲಿ ಪಾಠ ಕಲಿತಿರುತ್ತದೆ. ಒಂದು ಕಾಲದಲ್ಲಿ ಅದನ್ನು ಅಡಗಿಸುತ್ತಿದ್ದ ಸಿಪ್ರೊಫ್ಲಾಕ್ಸಾಸಿನ್ ಎಂಬ ಔಷಧಕ್ಕೆ ಈಗ ಅದು ಕ್ಯಾರೇ ಅನ್ನುವುದಿಲ್ಲ. ಸ್ನೇಹಿತನ ಹೆಸರಂತೂ ಯಾವ ರಿಜಿಸ್ಟರಿಗೂ ಏರುವುದಿಲ್ಲ. ಹೆಂಡತಿಗೆ ವಿಷಯವೇ ತಿಳಿಯುವುದಿಲ್ಲ, ರೋಗ ಮಾತ್ರ ತಲುಪುತ್ತದೆ. ಆಮೇಲೆ ಏರಿಳಿತದ ನಕ್ಷೆ ಬರೆಯಿರಿ ಎಂದರೆ ಆ ಬಡಪಾಯಿ ಅಂಕಿಅಂಶ ಅಧಿಕಾರಿ ಎಲ್ಲಿಂದ ಬರೆಯಬೇಕು?

ಇಷ್ಟರ ನಡುವೆಯೂ ದೇಶದಲ್ಲಿ ಹೊಸ ಎಚ್‌ಐವಿ ಸೋಂಕು 2010ಕ್ಕಿಂತ ಬಹಳ ಇಳಿದಿದೆ. ನಿಷೇಧ ಹೇರಿದವರು ಇದಕ್ಕೆ ಹಾರ ತುರಾಯಿ ನಿರೀಕ್ಷಿಸುವುದು ಬೇಡ. ಮೈಸೂರಿನ ಅಶೋದಯ ಸಮಿತಿಯಂಥ ಸಂಘಟನೆಗಳಲ್ಲಿ ಲೈಂಗಿಕ ಕಾರ್ಯಕರ್ತೆಯರೇ ಕಾಂಡೋಮ್ ಹಂಚಿ, ಗೆಳತಿಯರನ್ನು ಕ್ಲಿನಿಕ್ಕಿಗೆ ಕರೆದೊಯ್ದರು. ಅವರು ರಕ್ತಪರೀಕ್ಷೆಗೆ ಸಾಲುಗಟ್ಟಿ ನಿಂತಿದ್ದನ್ನು ಪತ್ರಿಕೆಯಲ್ಲಿ ನೋಡಿದ ನಮ್ಮ ಟೂತ್‌ಪೇಸ್ಟ್ ಮಹಾಶಯರು ಹೆಂಡತಿಯತ್ತ ತಿರುಗಿ, “ಊರು ಕೆಡುವುದೇ ಇಂಥವರಿಂದ” ಎಂದರು.